ಅಂಗೈ ಇಟ್ಟ ಹಲಗೆ

ಹೊರಗಿನ ಹೆಂಗಸೊಬ್ಬಳು ಅಡುಗೆಮನೆಗೆ ಕಾಲಿಟ್ಟರೆ ಆ ಮನೆಯಾಕೆಯ ಕಣ್ಣು ಅವಳ ಕೈಯ ಹಿಂದೆಯೇ ಓಡಾಡುತ್ತದೆ. ಡಬ್ಬಿಯಕ್ಕನಿಗೆ ಇದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅವಳು ಯಾವ ಮನೆಗೆ ಹೋದರೂ ಮೊದಲು ಅಡುಗೆಮನೆಯ ಬಾಗಿಲಲ್ಲಿ ಕೈಕಟ್ಟಿ ನಿಲ್ಲುತ್ತಿದ್ದಳು. ಏನನ್ನೂ ಮುಟ್ಟುತ್ತಿರಲಿಲ್ಲ. ಮೇಲಿನ ಸಾಲು, ನಡುವಿನ ಸಾಲು, ಒಲೆಯ ಪಕ್ಕ, ಬಾಗಿಲ ಹಿಂದೆ ಎಂದು ಕಣ್ಣಿನಲ್ಲೇ ಒಂದು ಸುತ್ತು ಬಂದು, ಆಮೇಲೆ “ಶುರು ಮಾಡ್ಲಾ ಅಮ್ಮ?” ಎಂದು ಕೇಳುತ್ತಿದ್ದಳು. ಆ ಒಂದು ಮಾತಿಗೆ ಎಂಥ ಬಿಗುಮಾನದ ಯಜಮಾನಿಯೂ ಸ್ವಲ್ಪ ಸಡಿಲವಾಗುತ್ತಿದ್ದಳು.

ಮನೆ ಸಾಗಿಸುವ ಕಂಪನಿಯೊಂದರಲ್ಲಿ ಅವಳ ಕೆಲಸ. ಮಂಚ, ಬೀರು, ಫ್ರಿಜ್ಜು ಹೊರುವುದಕ್ಕೆ ಗಂಡಾಳುಗಳಿದ್ದರು. ಅವರ ಮೇಲೊಬ್ಬ ಮೇಸ್ತ್ರಿ, ಲಾರಿ ಓಡಿಸುವವನೂ ಅವನೇ. ಅಡುಗೆಮನೆ ಮಾತ್ರ ಪೂರ್ತಿಯಾಗಿ ಇವಳದು. ಹಳೆಯ ಮನೆಯಲ್ಲಿ ಕಟ್ಟುವವಳೂ ಇವಳೇ, ಹೊಸ ಮನೆಯಲ್ಲಿ ಬಿಚ್ಚಿ ಜೋಡಿಸುವವಳೂ ಇವಳೇ. ಗಾಜಿನ ಲೋಟವನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಆ ಲೋಟವನ್ನು ಪಾತ್ರೆಯೊಳಗಿಟ್ಟು, ಆ ಪಾತ್ರೆಯನ್ನು ಇನ್ನೊಂದು ಪಾತ್ರೆಯೊಳಗೆ ಕೂರಿಸಿ, ಸಂದಿಗೆಲ್ಲ ಕಾಗದ ತುರುಕುವ ಅವಳ ಚಾಕಚಕ್ಯವನ್ನು ನೋಡಿಯೇ ನಂಬಬೇಕು. ಡಬ್ಬಿಗಳ ಮುಚ್ಚಳವನ್ನು ಒತ್ತಿ ಹಾಕಿ, ಅಂಗೈಯಿಂದ ಟಪ್ ಟಪ್ ಎಂದು ತಟ್ಟಿ, ಪೆಟ್ಟಿಗೆಗೆ ಇಳಿಸುತ್ತಿದ್ದಳು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಕಂಪನಿಯಲ್ಲಿ ಅದನ್ನು ನೆನಪಿಟ್ಟುಕೊಂಡವರು ಯಾರೂ ಇರಲಿಲ್ಲ.

ಹೀಗೆ ಊರಿನ ಮನೆಗಳನ್ನೆಲ್ಲ ಒಳಗಿನಿಂದ ನೋಡುವ ಭಾಗ್ಯ ಅವಳಿಗೆ ಬಂದಿತ್ತು. ಮೊದಮೊದಲು ಅವಳಿಗದು ಭಾಗ್ಯ ಎನಿಸಿರಲಿಲ್ಲ, ತಮಾಷೆ ಎನಿಸಿತ್ತು. ಒಂದು ಮನೆಯಲ್ಲಿ ಚಮಚಗಳನ್ನು ತಲೆ ಮೇಲಾಗಿ ನಿಲ್ಲಿಸುತ್ತಿದ್ದರು. ಎದುರುಮನೆಯಲ್ಲಿ ತಲೆ ಕೆಳಗಾಗಿ. ಇವರನ್ನು ಕೇಳಿದರೆ ಅವರು ಕೊಳಕರು, ಅವರನ್ನು ಕೇಳಿದರೆ ಇವರು. ಇನ್ನೊಂದು ಮನೆಯಲ್ಲಿ ಗಂಡನ ಬಟ್ಟಲು, ಹೆಂಡತಿಯ ಬಟ್ಟಲು ಎರಡೂ ಗೋಡೆಯ ಮೊಳೆಗಳಲ್ಲಿ ಒಂದನ್ನೊಂದು ನೋಡುವಂತೆ ತೂಗುತ್ತಿದ್ದವು. ಜಗಳವಾದ ದಿನ ಆಕೆ ತನ್ನ ಬಟ್ಟಲನ್ನು ಗೋಡೆಯ ಕಡೆಗೆ ತಿರುಗಿಸಿ ತೂಗುಹಾಕುವಳಂತೆ, ಅದನ್ನು ಅವನೇ ಬಂದು ತಿರುಗಿಸುವವರೆಗೆ ಮಾತಿಲ್ಲವಂತೆ. ಮತ್ತೊಂದು ಮನೆಯಲ್ಲಿ ಊಟಕ್ಕೆ ಮೊದಲು ಬಡಿಸುವುದು ಎಲ್ಲರಿಗಿಂತ ಚಿಕ್ಕವರಿಗೆ. ಅದರ ಮಗ್ಗುಲ ಮನೆಯಲ್ಲಿ ಎಲ್ಲರಿಗಿಂತ ದೊಡ್ಡವರು ತುತ್ತು ಎತ್ತುವವರೆಗೆ ಉಳಿದವರ ಕೈ ಮಡಿಲಲ್ಲೇ.

“ಎಂಥೆಂಥ ಹುಚ್ಚರಪ್ಪ!” ಎಂದು ಲಾರಿಯಲ್ಲಿ ಕುಳಿತು ಅವಳು ಹೇಳುವಳು.

“ಹುಚ್ಚರಿದ್ರೆ ಇರ್ಲಿ ಬಿಡಕ್ಕ, ಮನೆ ಖಾಲಿ ಮಾಡ್ತಾ ಇದ್ರೆ ನಮಗೆ ಸಾಕು” ಎಂದು ಮೇಸ್ತ್ರಿ ನಗುವನು.

ಹೊಸ ಮನೆಯಲ್ಲಿ ಜೋಡಿಸುವಾಗ ಅವಳು ಆ ಹುಚ್ಚನ್ನೆಲ್ಲ ತಿದ್ದಿಬಿಡುತ್ತಿದ್ದಳು. ಭಾರದ್ದು ಕೆಳಗೆ, ಹಗುರದ್ದು ಮೇಲೆ, ದಿನಕ್ಕೆ ಬೇಕಾದದ್ದು ಎದೆಮಟ್ಟಕ್ಕೆ. ಅದು ಸರಿಯಾದ ಕ್ರಮ ಎಂದು ಅವಳ ನಂಬಿಕೆ. ಅದು ತನ್ನ ತಾಯಿಯ ಅಡುಗೆಮನೆಯ ಕ್ರಮ ಎಂಬುದು ಅವಳಿಗೆ ಹೊಳೆದಿರಲಿಲ್ಲ.

ಅವಳ ಕಣ್ಣು ತೆರೆದದ್ದು ಕಾಲೇಜಿನ ಮೇಡಂ ಒಬ್ಬರ ಮನೆ ಸಾಗಿಸಿದಾಗ. ಆ ಮೇಡಂ ಪಾಠ ಮಾಡುತ್ತಿದ್ದುದು ಮಾನವಶಾಸ್ತ್ರ. ಯಾವ ಯಾವ ಜನ ಹೇಗೆ ಹೇಗೆ ಬದುಕುತ್ತಾರೆ, ಏಕೆ ಹಾಗೆ ಬದುಕುತ್ತಾರೆ ಎಂಬ ವಿದ್ಯೆ. ಅವರ ಮನೆಯಲ್ಲಿ ದೂರದೂರದ ದೇಶಗಳ ಬಾಚಣಿಗೆ, ಚಮಚ, ಬುಟ್ಟಿಗಳು ತುಂಬಿದ್ದವು. ಅವುಗಳಲ್ಲಿ ಕೆಲವನ್ನು ಕಾಲೇಜಿಗೆ ತಲುಪಿಸಬೇಕಿತ್ತು. ಡಬ್ಬಿಯಕ್ಕ ಅವನ್ನು ತರಗತಿಯ ಮೇಜಿನ ಮೇಲೆ ಜೋಡಿಸಿದಳು. ಅಷ್ಟರಲ್ಲಿ ಮೊದಲ ವರ್ಷದ ಹುಡುಗ ಹುಡುಗಿಯರು ಬಂದು ಕುಳಿತರು. ಲಾರಿ ಬರುವುದು ತಡವಾದ್ದರಿಂದ ಅವಳೂ ಹಿಂದೆ, ಸಾಮಾನು ಸುತ್ತುವ ಕಂಬಳಿಗಳ ಗಂಟಿನ ಮೇಲೆ ಕುಳಿತುಬಿಟ್ಟಳು.

ಮೇಡಂ ಮರದ ತುಂಡೊಂದನ್ನು ಎತ್ತಿ ತೋರಿಸಿದರು. ಪುಟ್ಟ ಮಣೆಯ ಹಾಗಿತ್ತು, ನಡುವೆ ತಗ್ಗು. “ಇದು ದಿಂಬು” ಎಂದರು.

ತರಗತಿ ಗೊಳ್ಳೆಂದಿತು. ಡಬ್ಬಿಯಕ್ಕನೂ ಸೆರಗು ಬಾಯಿಗೆ ಅಡ್ಡ ಹಿಡಿದಳು.

“ಮೇಡಂ, ಕತ್ತು ಉಳುಕಲ್ವಾ?” ಎಂದು ಒಬ್ಬಳು ಕೇಳಿದಳು.

“ಇದರ ಮೇಲೆ ಮಲಗೋರು ನಿನ್ನ ಹತ್ತಿ ದಿಂಬು ನೋಡಿದ್ರೆ ಏನಂತಾರೆ ಹೇಳು? ‘ಪಾಪ, ಇಷ್ಟು ಮೆತ್ತಗಿನದರಲ್ಲಿ ತಲೆ ಹೂತುಹೋಗಲ್ವಾ, ಕಟ್ಟಿದ ಜಡೆ ಎಲ್ಲ ಕೆಟ್ಟು ಹೋಗಲ್ವಾ?’ ಅಂತಾರೆ. ಅವರು ಜಡೆ ಕಟ್ಟೋಕೆ ಇಡೀ ದಿನ ಕೂರ್ತಾರೆ. ಅದು ಕೆಡದ ಹಾಗೆ ಕಾಯೋ ಕೆಲಸ ಈ ದಿಂಬಿನದು.” ಮೇಡಂ ಅದನ್ನು ಮಗುವನ್ನು ಇಳಿಸುವಂತೆ ಕೆಳಗಿಟ್ಟರು. “ನಿಮಗೆ ಎಲ್ಲಿ ನಗು ಬರುತ್ತೋ ಅಲ್ಲಿ ನಿಂತು ಒಂದು ಪ್ರಶ್ನೆ ಕೇಳಿ. ಇದು ಇವರಿಗೆ ಏನು ಕೆಲಸ ಮಾಡಿಕೊಡ್ತಾ ಇದೆ? ಅದನ್ನೂ ಊಹೆ ಮಾಡಬೇಡಿ, ಅವರನ್ನೇ ಕೇಳಿ. ಇವತ್ತಿಗೆ ಇಷ್ಟು ಸಾಕು.”

ಡಬ್ಬಿಯಕ್ಕನ ಬಾಯಿಂದ ಸೆರಗು ಜಾರಿತು. ಗೋಡೆಗೆ ಮುಖಮಾಡಿ ತೂಗುತ್ತಿದ್ದ ಆ ಬಟ್ಟಲು ನೆನಪಿಗೆ ಬಂತು. ಮಾತಿನಲ್ಲಿ ಕ್ಷಮೆ ಕೇಳಲಾರದ ಗಂಡಸೊಬ್ಬನಿಗೆ ಆ ಬಟ್ಟಲು ಎಷ್ಟು ದೊಡ್ಡ ದಾರಿ ಮಾಡಿಕೊಟ್ಟಿತ್ತು! ಹೊಸ ಮನೆಯಲ್ಲಿ ಅವಳು ಆ ಎರಡು ಬಟ್ಟಲುಗಳನ್ನು ಒಂದರೊಳಗೊಂದು ಕೂರಿಸಿ ಬೀರುವಿನಲ್ಲಿ ಇಟ್ಟುಬಂದಿದ್ದಳು.

ಹೊರಡುವಾಗ ಮೇಡಂ ಕೇಳಿದರು: “ನಿಮ್ಮನೇ ಅಡುಗೆಮನೇಲಿ ಏನೇನು ಪದ್ಧತಿ ಇದೆ ಅಕ್ಕಾ?”

“ನಮ್ಮನೇಲಾ? ಅಂಥದ್ದೆಲ್ಲ ಏನೂ ಇಲ್ಲ ಮೇಡಂ. ನಾವು ಸಾಧಾರಣ ಜನ.”

ಮೇಡಂ ಮನಸಾರೆ ನಕ್ಕರು. “ಲೋಕದಲ್ಲಿ ಎಲ್ಲರೂ ಹೀಗೇ ಹೇಳೋದು. ಪದ್ಧತಿ ಅನ್ನೋದು ಯಾವಾಗಲೂ ಪಕ್ಕದ ಮನೇಲೇ ಇರುತ್ತೆ.”

ಅಂದಿನಿಂದ ಡಬ್ಬಿಯಕ್ಕ ಬಾಗಿಲಲ್ಲಿ ನಿಲ್ಲುವ ಹೊತ್ತು ಇನ್ನಷ್ಟು ಉದ್ದವಾಯಿತು. ಪ್ರತಿ ಅಡುಗೆಮನೆಯೂ ಅವಳಿಗೆ ಒಂದೊಂದು ಪುಟ್ಟ ರಾಜ್ಯದ ಹಾಗೆ ಕಾಣತೊಡಗಿತು. ಅಲ್ಲಿಯ ಕಾನೂನನ್ನು ಯಾರೂ ಎಲ್ಲೂ ಬರೆದಿಲ್ಲ, ಆದರೂ ಒಬ್ಬರೂ ಮೀರುವುದಿಲ್ಲ. ಲಾರಿಯಲ್ಲಿ ಮೇಸ್ತ್ರಿಯೊಡನೆ ನಗುವುದು ಕಡಿಮೆಯಾಯಿತು. “ಏನಕ್ಕ, ಬಾಯಿಗೆ ಬೀಗ ಹಾಕ್ಕೊಂಡಿದೀಯ?” ಎಂದು ಅವನು ರೇಗಿಸಿದರೆ, “ಸುಮ್ನಿರಪ್ಪ, ಲೆಕ್ಕಕ್ಕೆ ಸಿಗದಷ್ಟಿದೆ ಲೋಕ” ಎನ್ನುವಳು. ಅವನು ತಲೆ ಕೆರೆದುಕೊಳ್ಳುವನು.

ಹೀಗಿರುವಾಗ ಒಂದು ಬೆಳಿಗ್ಗೆ ಅವರು ಹೋದದ್ದು ಹಳೆಯ ಬಾಡಿಗೆ ಮನೆಯೊಂದಕ್ಕೆ. ಮನೆಯಲ್ಲಿ ಮೂರೇ ಜನ: ಒಬ್ಬರು ಅಜ್ಜಿ, ಅವರ ಮಗ, ಸೊಸೆ. ಮಾಲೀಕರು ಆ ಕಟ್ಟಡ ಕೆಡವಿ ಹೊಸದು ಕಟ್ಟುವವರಿದ್ದರು. ಇವರು ಬೇರೊಂದು ಬಡಾವಣೆಯಲ್ಲಿ ಸ್ವಂತ ಫ್ಲ್ಯಾಟು ಕೊಂಡಿದ್ದರು. ಸಂತೋಷದ ದಿನವೇ. ಆದರೆ ಸೊಸೆ ಡಬ್ಬಿಯಕ್ಕನನ್ನು ಪಕ್ಕಕ್ಕೆ ಕರೆದು ಪಿಸುದನಿಯಲ್ಲಿ ಹೇಳಿದಳು.

“ಅಕ್ಕಾ, ನಮ್ಮತ್ತೆಗೆ ಈಗ ಕೆಲವು ವರ್ಷದಿಂದ ಕಣ್ಣು ಏನೇನೂ ಕಾಣಲ್ಲ. ಆದ್ರೂ ಅಡುಗೆ ಅವರೇ ಮಾಡೋದು. ಎಲ್ಲ ಕೈ ಗುರುತು. ಇಲ್ಲಿ ಹೇಗಿದೆಯೋ ಅಲ್ಲೂ ಹಾಗೇ ಇರಬೇಕು. ಒಂದು ಡಬ್ಬಿ ಅತ್ತಿತ್ತ ಆದ್ರೂ…”

ಅಷ್ಟರಲ್ಲಿ ಮಗ ಕೆಲಸಕ್ಕೆ ಹೊರಟು ಬಂದ. ಒಳ್ಳೆಯ ಮನುಷ್ಯ, ಆದರೆ ಹೆದರುಪುಕ್ಕಲ. “ನೋಡಮ್ಮ, ಸಂಜೆ ಹೊಸ ಮನೆಗೆ ಬಂದಾಗ ನೀನೇ ಚಹಾ ಮಾಡಿ ಕೊಟ್ರೆ ಸರಿ. ತಡಕಾಡೋ ಹಾಗಿದ್ರೆ ನಾಳೆಯಿಂದ ಅಡುಗೆಯವಳು ಬರ್ತಾಳೆ, ಮಾತಾಡಿಟ್ಟಿದೀನಿ. ನೀನು ಹಾಲಲ್ಲಿ ಹಾಯಾಗಿ ಕೂತ್ಕೋ. ಹೊಸ ಜಾಗ, ಬೆಂಕಿ ಹತ್ತಿರ ಪರದಾಟ ಬೇಡ.”

“ಕೂತ್ಕೊಂಡು ಏನು ಮಾಡ್ಲೋ? ಕಿಟಕಿಯಿಂದ ಹೋಗೋ ಬರೋರನ್ನ ನೋಡ್ಲಾ?” ಎಂದರು ಅಜ್ಜಿ. ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ.

ಡಬ್ಬಿಯಕ್ಕ ಅಂದು ಬಾಗಿಲಲ್ಲಿ ನಿಂತಷ್ಟು ಹೊತ್ತು ಎಂದೂ ನಿಂತಿರಲಿಲ್ಲ. ಪ್ರತಿ ಸಾಲನ್ನೂ ಕಣ್ಣಿಗೆ ಕಟ್ಟಿಕೊಂಡಳು. ಒಲೆಯ ಮೇಲ್ಗಡೆ ಕಪ್ಪಾದ ಮರದ ಹಲಗೆ. ಅದರ ಮೇಲೆ ಒಂದೇ ಅಚ್ಚಿನ ತಗಡಿನ ಡಬ್ಬಿಗಳು: ಹಿಟ್ಟು, ಚಹಾ ಪುಡಿ, ಸಕ್ಕರೆ; ಒಂದಿಷ್ಟು ಬರಿ ಜಾಗ; ಮತ್ತೆ ಉಪ್ಪು, ಬೇಳೆ, ಕಾಳು. “ಈ ಸಂದಿಯಲ್ಲಿದ್ದದ್ದು ಎಲ್ಲಿ ಅಮ್ಮ?” ಎಂದು ಕೇಳಿದಳು.

ಸೊಸೆಯ ಮುಖ ಒಂದು ಗಳಿಗೆ ಬಿಗಿದುಕೊಂಡಿತು. “ಅಲ್ಲಿ ಏನೂ ಇಡಲ್ಲ. ಬಿಡಿ.”

ಕೇಳಿದ್ದು ಒಳ್ಳೆಯದೇ, ಆದರೆ ಉತ್ತರ ಸಿಕ್ಕಿದ ಮೇಲೂ ಅದು ಉತ್ತರವೆಂದು ಅವಳಿಗೆ ತಿಳಿಯಲಿಲ್ಲ. ‘ಏನೂ ಇಲ್ಲ’ ಎಂಬುದನ್ನು ಯಾರು ಸುತ್ತಿ ಪೆಟ್ಟಿಗೆಗೆ ತುಂಬುತ್ತಾರೆ?

ಹೊಸ ಅಡುಗೆಮನೆ ಬೆಳ್ಳಗೆ ಥಳಥಳ ಹೊಳೆಯುತ್ತಿತ್ತು. ಒಲೆಯ ಮೇಲ್ಗಡೆ ನುಣುಪಾದ ಕಲ್ಲಿನ ಹಲಗೆಯನ್ನು ಗೋಡೆಗೇ ಕೂರಿಸಿದ್ದರು. ಡಬ್ಬಿಯಕ್ಕ ಹಿಟ್ಟಿನಿಂದ ಕಾಳಿನವರೆಗೆ ಸಾಲನ್ನು ಅದೇ ಕ್ರಮದಲ್ಲಿ ಇಟ್ಟಳು, ಒಂದಕ್ಕೊಂದು ಒತ್ತಾಗಿ. ಮುಚ್ಚಳಗಳನ್ನು ಟಪ್ ಟಪ್ ಎಂದು ತಟ್ಟಿದಳು. ಸ್ವಲ್ಪ ದೂರ ನಿಂತು ನೋಡಿದಳು. ಹಳೆಯ ಮನೆಯನ್ನೇ ಎತ್ತಿ ತಂದು ಇಟ್ಟಂತಿತ್ತು.

ಮಧ್ಯಾಹ್ನ ಅಜ್ಜಿ ಒಳಗೆ ಬಂದರು. ಗೋಡೆ ಹಿಡಿದು ಒಲೆಯ ಮುಂದೆ ನಿಂತು ಬಲಗೈಯನ್ನು ಮೇಲಕ್ಕೆ ಚಾಚಿದರು. ಬೆರಳು ಡಬ್ಬಿಗೆ ತಾಗಿತು. ಹಿಂದೆ ತೆಗೆದರು. ಮತ್ತೆ ಚಾಚಿದರು, ಮತ್ತೆ ಡಬ್ಬಿ. ಹಣೆ ಗಂಟಾಯಿತು. ಕೊನೆಗೆ ಒಂದು ಡಬ್ಬಿಯನ್ನು ಎಳೆದುಕೊಂಡು, ಇನ್ನೊಂದನ್ನೂ ಎಳೆದುಕೊಂಡು ಚಹಾ ಮಾಡಿದರು. “ತಗೊಳ್ಳೇ ತಾಯಿ, ಹೊಸ ಮನೆಯ ಮೊದಲ ಚಹಾ ನಿನಗೇ” ಎಂದು ಡಬ್ಬಿಯಕ್ಕನ ಕೈಗೆ ಲೋಟ ಕೊಟ್ಟರು.

ಅವಳು ಒಂದು ಗುಟುಕು ಕುಡಿದಳು. ಅಪ್ಪಟ ಉಪ್ಪು.

ಅವಳು ಉಗುಳಲಿಲ್ಲ, ಮಾತಾಡಲೂ ಇಲ್ಲ. ಕಣ್ಣಿಲ್ಲದವರಿಗೆ ಮೌನ ಬೇಗ ತಿಳಿಯುತ್ತದೆ. ಅಜ್ಜಿ ಅವಳ ಲೋಟಕ್ಕೆ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡರು. ಆಮೇಲೆ ಕೈ ಸೆರಗಿಗೆ ಒರೆಸಿಕೊಂಡು, ಗೋಡೆ ಹಿಡಿದು, ಹಾಲಿಗೆ ಹೋಗಿ ಕುರ್ಚಿಯಲ್ಲಿ ಕುಳಿತರು.

“ಅಡುಗೆಯವಳೇ ಬರ್ಲಿ ಬಿಡಮ್ಮ” ಎಂದರು ಸೊಸೆಗೆ. “ನನ್ನ ಕೈ ಸತ್ತೋಯ್ತು.”

ಸೊಸೆ ಬಾಗಿಲಿಗೆ ಒರಗಿ ಕಣ್ಣು ಒರೆಸಿಕೊಂಡಳು. ಡಬ್ಬಿಯಕ್ಕ ಒಳಗೆ ಓಡಿ ಸಾಲನ್ನು ಮತ್ತೆ ಪರೀಕ್ಷಿಸಿದಳು. ಹಿಟ್ಟು, ಚಹಾ, ಸಕ್ಕರೆ, ಉಪ್ಪು. ಎಲ್ಲವೂ ಸರಿ. ಎಲ್ಲವೂ ಸರಿಯಾಗಿದ್ದರೆ ತಪ್ಪಿದ್ದು ಎಲ್ಲಿ? ಆಗ ಆ ಮರದ ದಿಂಬು ಕಣ್ಣ ಮುಂದೆ ಬಂತು. ಊಹೆ ಮಾಡಬೇಡಿ, ಅವರನ್ನೇ ಕೇಳಿ.

ಅವಳು ಹೋಗಿ ಅಜ್ಜಿಯ ಕಾಲ ಬಳಿ ನೆಲದ ಮೇಲೆ ಕುಳಿತಳು. “ಅಜ್ಜಿ, ಒಲೆ ಮುಂದೆ ನಿಂತಾಗ ನಿಮ್ಮ ಕೈ ಮೊದಲು ಎಲ್ಲಿಗೆ ಹೋಗುತ್ತೆ?”

“ಇನ್ನೆಲ್ಲಿಗೆ? ಹಲಗೆಗೆ.”

“ಹಲಗೆ ಮೇಲೆ ಯಾವ ಡಬ್ಬಿಗೆ?”

“ಡಬ್ಬಿಗೆ ಯಾಕೆ ಹೋಗುತ್ತೆ? ಕೈ ಇಡೋ ಜಾಗಕ್ಕೆ.” ಅಜ್ಜಿಗೆ ಇವಳ ಪೆದ್ದುತನಕ್ಕೆ ಆಶ್ಚರ್ಯವಾಯಿತು. “ಒಲೆ ಹಚ್ಚೋಕೆ ಮುಂಚೆ ಅಂಗೈ ಊರಬೇಕಲ್ಲ? ಊರಿ, ಇವತ್ತು ಯಾರ್ಯಾರು ಉಣ್ಣೋರು ಅಂತ ಒಬ್ಬೊಬ್ಬರನ್ನೇ ನೆನೆಸ್ಕೋಬೇಕಲ್ಲ? ಆಮೇಲೆ ತಾನೇ ಕೈ ಎಡಕ್ಕೆ ಹೋದ್ರೆ ಸಕ್ಕರೆ, ಬಲಕ್ಕೆ ಹೋದ್ರೆ ಉಪ್ಪು? ನೀವೆಲ್ಲ ಹಾಗೆ ಮಾಡಲ್ವಾ?”

ಡಬ್ಬಿಯಕ್ಕ ಅಷ್ಟು ಅಡುಗೆಮನೆ ಕಂಡಿದ್ದಳು, ಇದನ್ನು ಎಲ್ಲೂ ಕಂಡಿರಲಿಲ್ಲ. ಈ ಮನೆಯಲ್ಲೂ ಅದನ್ನು ಕಣ್ಣಾರೆ ನೋಡಿ, ಸಂದಿ ಎಂದು ಮುಚ್ಚಿದ್ದಳು.

ಸೊಸೆ ಎರಡು ಹೆಜ್ಜೆ ಮುಂದೆ ಬಂದಿದ್ದಳು. “ಅತ್ತೆ, ಅದಕ್ಕೇನಾ? ನಾನು ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮಮ್ಮ ಕೊಟ್ಟ ಗಾಜಿನ ಭರಣಿ ಅಲ್ಲಿಟ್ಟೆ. ನೀವು ‘ಅಲ್ಲಿ ಬೇಡ’ ಅಂತ ಎತ್ತಿ ಕೊಟ್ಟುಬಿಟ್ರಿ. ಅಷ್ಟು ಜಾಗ ಖಾಲಿ ಇದ್ದೂ ನನ್ನ ಭರಣಿಗೆ ಜಾಗ ಇಲ್ಲ ಅಂತ… ನಾನು ಅದನ್ನ ಬೀರುವಿನಲ್ಲಿ ಸೀರೆ ಕೆಳಗೆ ಇಟ್ಕೊಂಡಿದೀನಿ, ಇವತ್ತಿಗೂ.”

“ಅಯ್ಯೋ ನನ್ನವ್ವ!” ಅಜ್ಜಿ ಕೈ ಚಾಚಿದರು. “ಕೈ ಇಡೋ ಜಾಗದಲ್ಲಿ ಭರಣಿ ಇಟ್ರೆ ಕೈ ಎಲ್ಲಿ ಇಡ್ಲಿ ಅಂತ ಅಂದೆ ಕಣೇ. ಪಕ್ಕದಲ್ಲಿ ಇಡ್ತೀಯ ಅಂದ್ಕೊಂಡೆ. ನೀನು ಇಡಲೇ ಇಲ್ಲ, ಬೇಡವೇನೋ ಅಂತ ನಾನೂ ಸುಮ್ಮನಾದೆ.”

“ಒಂದು ಸಲ ಹೇಳಬಾರದಿತ್ತಾ ಅತ್ತೆ?”

“ಏನಂತ ಹೇಳ್ಲಿ? ನನಗೂ ಯಾರೂ ಹೇಳಲಿಲ್ಲ. ನಮ್ಮತ್ತೆ ಮಾಡೋದು ನೋಡ್ದೆ, ಮಾಡ್ದೆ. ಅದು ಹೇಳೋ ಮಾತು ಅಂತ ನನಗೆ ಹೊಳೀಲೇ ಇಲ್ಲ. ಉಸಿರಾಡೋದನ್ನ ಯಾರಾದ್ರೂ ಹೇಳ್ಕೊಡ್ತಾರಾ?” ಅಜ್ಜಿ ಸೊಸೆಯ ಕೈ ಸಿಕ್ಕಿದ ಕೂಡಲೇ ಹಿಡಿದುಕೊಂಡರು. “ನೀನು ಬಂದ ದಿನದಿಂದ ಕೈ ಊರಿ ಮೊದಲು ನೆನೆಸೋದು ನಿನ್ನನ್ನೇ. ನಿನಗೆ ಖಾರ ಆಗಲ್ಲ ನೋಡು. ಮೊದಲೇ ನೆನೆಸ್ಕೊಳ್ಳದಿದ್ರೆ ಕೈ ತಪ್ಪಿ ಜಾಸ್ತಿ ಬಿದ್ದುಬಿಡುತ್ತೆ.”

ಸೊಸೆ ಅಲ್ಲೇ ಕುಸಿದು ಕುಳಿತು ಅತ್ತೆಯ ಮಡಿಲಲ್ಲಿ ಮುಖ ಇಟ್ಟಳು. ಡಬ್ಬಿಯಕ್ಕ ಬೇರೆ ಕಡೆ ನೋಡಿದಳು. ಬೇರೆಯವರ ಮನೆಯಲ್ಲಿ ಎಲ್ಲವನ್ನೂ ನೋಡಬಾರದು ಎಂಬುದು ಅವಳ ಕಸುಬಿನ ನೀತಿ.

ಕಲ್ಲಿನ ಮೇಲೆ ಸಕ್ಕರೆಗೂ ಉಪ್ಪಿಗೂ ನಡುವೆ ಜಾಗ ಬಿಡಿಸಿ ಅಜ್ಜಿಯನ್ನು ಕರೆತಂದರು. ಅಜ್ಜಿ ಅಂಗೈ ಊರಿದರು. ಕೈ ಜಾರಿತು. ಮತ್ತೆ ಊರಿದರು. “ತಣ್ಣಗಿದೆ. ಎಲ್ಲ ಕಡೆನೂ ಒಂದೇ ಥರ ಇದೆ. ಕೈಗೆ ಇದೇ ಜಾಗ ಅಂತ ಗೊತ್ತಾಗ್ತಿಲ್ಲ. ನನ್ನ ಹಲಗೆ ಎಲ್ಲಿ? ಬಿಚ್ಚಿಲ್ವಾ ಇನ್ನೂ?”

ಡಬ್ಬಿಯಕ್ಕ, ಸೊಸೆ ಮುಖ ಮುಖ ನೋಡಿಕೊಂಡರು. ಹಲಗೆ ಗೋಡೆಗೆ ಸೇರಿದ್ದು, ಗೋಡೆ ಮಾಲೀಕರದು. ಅದನ್ನು ಅಲ್ಲೇ ಬಿಟ್ಟುಬಂದಿದ್ದರು. ಅಜ್ಜಿಗೋ ಅಡುಗೆಮನೆ ಸಾಗಿಸುವುದೆಂದರೆ ಮೊದಲು ಹಲಗೆ ಸಾಗಿಸುವುದು. “ಅದು ನಮ್ಮತ್ತೆ ತಂದದ್ದು, ಅವರತ್ತೆ ಮನೆಯಿಂದ” ಎಂದರು, ಎಲ್ಲರಿಗೂ ತಿಳಿದ ವಿಷಯವೆಂಬಂತೆ.

ಡಬ್ಬಿಯಕ್ಕ ಮೆಟ್ಟಿಲಿಳಿದು ಓಡಿದಳು. ಕೆಳಗೆ ಮೇಸ್ತ್ರಿ ಹಗ್ಗ ಸುತ್ತುತ್ತಿದ್ದ.

“ಲಾರಿ ತಿರುಗಿಸು. ಹಳೇ ಮನೆಗೆ ಹೋಗ್ಬೇಕು. ಒಂದು ಹಲಗೆ ತರ್ಬೇಕು.”

“ಹಲಗೇನಾ? ಒಂದು ಹಲಗೆಗೆ ಇಡೀ ಲಾರಿ? ಅಕ್ಕಾ, ಬಿಸಿಲು ತಲೆಗೆ ಹತ್ತಿತಾ? ಅಷ್ಟು ಬೇಕಾದ್ರೆ ನಮ್ಮ ಗೋದಾಮಿಂದ ಒಳ್ಳೇದು ಒಂದು ತಂದುಕೊಡ್ತೀನಿ, ಪಾಲಿಶ್ ಹಾಕಿರೋದು.”

“ಪಾಲಿಶ್ ಹಾಕಿರೋದು ಬೇಡ. ಸವೆದಿರೋದು ಬೇಕು.”

ಮೇಸ್ತ್ರಿ ಅವಳ ಮುಖ ನೋಡಿದ. ಇಷ್ಟು ವರ್ಷ ಜೊತೆಯಲ್ಲಿ ದುಡಿದವನಿಗೆ ಆ ಮುಖದ ಎದುರು ವಾದ ನಡೆಯುವುದಿಲ್ಲ ಎಂದು ಗೊತ್ತಿತ್ತು. ಗೊಣಗುತ್ತಲೇ ಹತ್ತಿ ಕುಳಿತ. “ಕಂಪನಿಯವರು ಕೇಳಿದ್ರೆ ನೀನೇ ಉತ್ತರ ಕೊಡು. ನಾನು ಮಲಗಿದ್ದೆ ಅಂತೀನಿ.”

“ಮಲಗಿ ಲಾರಿ ಓಡಿಸ್ದೆ ಅಂತೀಯಾ?”

“ಅದೂ ಹೌದಲ್ಲ” ಎಂದ ಮೇಸ್ತ್ರಿ.

ಹಳೆಯ ಮನೆ ತಲುಪುವ ಹೊತ್ತಿಗೆ ಕೆಡವುವವರು ಕೆಲಸಕ್ಕೆ ಇಳಿದಾಗಿತ್ತು. ಬಾಗಿಲು ಕಿಟಕಿ ಕಿತ್ತಿದ್ದರು. ಅಡುಗೆಮನೆಯ ಗೋಡೆ ಬೋಳಾಗಿ, ಹಲಗೆ ಇದ್ದ ಕಡೆ ಮಾಸಿದ ಗೆರೆಯೊಂದು ಉಳಿದಿತ್ತು. ಅಂಗಳದಲ್ಲಿ ಹಲಗೆಗಳ ದೊಡ್ಡ ರಾಶಿ, ಎಲ್ಲವೂ ಒಂದೇ ಧೂಳಿನ ಬಣ್ಣ. ಬೀರುವಿನವು, ಅಟ್ಟದವು, ಪಕ್ಕದ ಮನೆಯವು.

“ಸೌದೆಗೆ ಹೋಗೋದು, ಬೇಕಾದ್ದು ತಗೊಳ್ಳಿ” ಎಂದ ಕೆಡವುವವನೊಬ್ಬ.

ಡಬ್ಬಿಯಕ್ಕ ಒಂದನ್ನು ಎತ್ತಿ ನೋಡಿದಳು, ಇನ್ನೊಂದನ್ನು ನೋಡಿದಳು. ಕಪ್ಪಾದವು ಹಲವಿದ್ದವು. ಉದ್ದವೂ ಹೆಚ್ಚುಕಡಿಮೆ ಒಂದೇ. ಬೆಳಿಗ್ಗೆ ಅಷ್ಟು ಹೊತ್ತು ನಿಂತು ನೋಡಿದ್ದಳು, ನೋಡಿದ್ದೆಲ್ಲ ಡಬ್ಬಿಗಳನ್ನೇ. ಕೈ ಕೈ ಹಿಸುಕಿಕೊಂಡಳು. ಬಿಸಿಲು ಇಳಿಯುತ್ತಿತ್ತು, ಮಗ ಬರುವ ಹೊತ್ತು ಹತ್ತಿರವಾಗುತ್ತಿತ್ತು.

ಆಮೇಲೆ ಅವಳು ಕಣ್ಣು ಮುಚ್ಚಿಕೊಂಡಳು. ರಾಶಿಯ ಪಕ್ಕದಲ್ಲಿ ಮಂಡಿಯೂರಿ, ಒಂದೊಂದೇ ಹಲಗೆಯ ಮೇಲೆ ಬಲ ಅಂಗೈಯನ್ನು ಊರಿ ಸರಿಸುತ್ತ ಹೋದಳು.

“ಏನಕ್ಕಾ, ಹಲಗೆಗೆ ನಾಡಿ ನೋಡ್ತಿದೀರಾ? ಜ್ವರ ಇದೆಯಾ?” ಎಂದು ಕೆಡವುವವನು ಕೇಳಿದ. ಅವನ ಜೊತೆಯವರು ನಕ್ಕರು. ಮೇಸ್ತ್ರಿಯೂ ನಗಬೇಕಾಗಿತ್ತು, ನಗಲಿಲ್ಲ. “ಸುಮ್ನಿರ್ರಪ್ಪ, ಅಕ್ಕ ಏನೋ ಕೇಳಿಸ್ಕೊಳ್ತಿದಾಳೆ” ಎಂದ.

ಒರಟು, ಸಿಬಿರು, ಮೊಳೆಯ ತೂತು, ಮತ್ತೆ ಒರಟು. ಇದ್ದಕ್ಕಿದ್ದಂತೆ ಒಂದು ಹಲಗೆ ಅವಳ ಕೈಯನ್ನು ಹಿಡಿದುಕೊಂಡಿತು.

ಹಾಗೆಂದೇ ಅವಳಿಗೆ ಅನಿಸಿದ್ದು. ಮರ ಅಲ್ಲಿ ತುಸುವೇ ತಗ್ಗಾಗಿತ್ತು, ರೇಷ್ಮೆಯ ಹಾಗೆ ನುಣುಪಾಗಿತ್ತು. ಅಂಗೈಯ ಉಬ್ಬು ಒಂದು ಕಡೆ ಕೂತಿತು, ಬೆರಳ ಬುಡಗಳು ಇನ್ನೊಂದು ಕಡೆ. ಅವಳು ಕಣ್ಣು ತೆರೆದಾಗ ಅಲ್ಲಿ ಏನೂ ಇರಲಿಲ್ಲ, ಧೂಳಷ್ಟೇ. ಹಲಗೆಯನ್ನು ಎತ್ತಿ ಇಳಿಬಿಸಿಲಿಗೆ ಓರೆಯಾಗಿ ಹಿಡಿದಳು. ಆಗ ಕಾಣಿಸಿತು: ನೆರಳಿನಷ್ಟು ತೆಳ್ಳಗೆ ಒಂದು ಕೈ. ಯಾರೂ ಕೆತ್ತಿದ್ದಲ್ಲ. ಅಜ್ಜಿ, ಅವರ ಅತ್ತೆ, ಅವರಿಗೂ ಹಿಂದಿನ ಯಾರೋ, ದಿನವೂ ಬೆಳಿಗ್ಗೆ ಉಣ್ಣುವವರನ್ನು ನೆನೆದು ನೆನೆದು, ಮರ ಅಷ್ಟು ಇಳಿದಿತ್ತು. ಹಲಗೆಯ ಬೆನ್ನಿನಲ್ಲಿ ಬೇರೆ ಯಾವುದೋ ಗೋಡೆಯ ಹಳೆಯ ಮೊಳೆಗಳ ತೂತುಗಳಿದ್ದವು. ಅದಕ್ಕೂ ಹಳೆಯವು ಇನ್ನೂ ಕೆಲವು.

ಮೇಸ್ತ್ರಿ ಟೋಪಿ ತೆಗೆದ. ಏಕೆ ತೆಗೆದನೋ ಅವನಿಗೇ ಗೊತ್ತಾಗಲಿಲ್ಲ. “ಒಂದ್ಸಲ ನಾನೂ ಇಡ್ಲಾ ಅಕ್ಕ?” ಎಂದು ತನ್ನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಇಟ್ಟ. ಅವನ ಕೈ ದೊಡ್ಡದು, ಸರಿಯಾಗಿ ಕೂರಲಿಲ್ಲ. ಆದರೂ ಸ್ವಲ್ಪ ಹೊತ್ತು ತೆಗೆಯಲಿಲ್ಲ. ಕೆಡವುವವರೂ ಒಬ್ಬೊಬ್ಬರಾಗಿ ಬಂದು ನೋಡಿದರು. ನಾಡಿಯ ಮಾತಾಡಿದವನು ಲಾರಿಗೆ ಹಲಗೆ ಏರಿಸಲು ತಾನೇ ಕೈಜೋಡಿಸಿದ.

ಹಲಗೆಯನ್ನು ಕಲ್ಲಿನ ಮೇಲೆಯೇ ಮಲಗಿಸಿ, ಅಲುಗಾಡದಂತೆ ಅಡಿಯಲ್ಲಿ ರಟ್ಟು ಮಡಚಿ ಇಟ್ಟರು. ಒಂದು ಕಡೆ ಗೇಣುದ್ದ ಹೊರಗೆ ಚಾಚಿಕೊಂಡಿತು. “ಇಷ್ಟು ಚೆನ್ನಾಗಿರೋ ಅಡುಗೆಮನೆಗೆ ಒಳ್ಳೇ ದೃಷ್ಟಿಬೊಟ್ಟು” ಎಂದ ಮೇಸ್ತ್ರಿ. ಸೊಸೆ ಒದ್ದೆಬಟ್ಟೆಯಿಂದ ಧೂಳು ಒರೆಸಿದಳು. ಆ ತಗ್ಗಿನ ಜಾಗ ಬಂದಾಗ ಅವಳ ಕೈ ತಡೆದು ನಿಂತಿತು. ಡಬ್ಬಿಗಳು ತಮ್ಮ ತಮ್ಮ ಜಾಗಕ್ಕೆ ಬಂದವು. ಸೊಸೆ ಒಳಕೋಣೆಗೆ ಹೋಗಿ ಗಾಜಿನ ಭರಣಿಯನ್ನು ತಂದು ಡಬ್ಬಿಯಕ್ಕನ ಕೈಗೆ ಕೊಟ್ಟಳು. “ಎಲ್ಲಿ ಇಡ್ಬೇಕು ಅಂತ ಅತ್ತೆನೇ ಹೇಳ್ಲಿ.”

“ಕೊನೇಲಿ ಇಡು, ಕಾಳಿನ ಪಕ್ಕ” ಎಂದರು ಅಜ್ಜಿ. “ಗಾಜು ಅಂದ್ಯಲ್ಲ, ಕೈಗೆ ಬೇಗ ಗುರುತು ಸಿಗುತ್ತೆ. ಸಾಲು ಮುಗೀತು ಅಂತ ಗೊತ್ತಾಗುತ್ತೆ.”

ಹೊರಗೆ ಲಿಫ್ಟಿನ ಸದ್ದಾಯಿತು. ಮಗ ಚಪ್ಪಲಿ ಬಿಟ್ಟು ಒಳಗೆ ಬರುವಾಗ ಅಜ್ಜಿ ಒಲೆಯ ಮುಂದೆ ನಿಂತಿದ್ದರು. ಅವನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಸನ್ನೆ ಮಾಡಿ ತಡೆದಳು.

ಅಜ್ಜಿ ಬಲಗೈಯನ್ನು ಚಾಚಿದರು. ಕೈ ತಡಕಾಡಲಿಲ್ಲ. ಹಕ್ಕಿ ಗೂಡಿಗೆ ಇಳಿದಂತೆ ಹೋಗಿ ಕೂತಿತು. ಅವರ ತುಟಿಗಳು ಅಲುಗಾಡಿದವು. ಸದ್ದಿಲ್ಲದ ಆ ಮನೆಯಲ್ಲಿ ಎಲ್ಲರಿಗೂ ಕೇಳಿಸಿತು. “ಸೊಸೆ… ಮಗ… ಆ ಲಾರಿ ಮೇಸ್ತ್ರಿ, ಅವನಿಗೆ ಸಕ್ಕರೆ ಮುಂದಾಗಿರಲಿ, ಪಾಪ ಎರಡು ಸಲ ಬಂದ… ಡಬ್ಬಿಯವಳು… ನಾನು.”

ಡಬ್ಬಿಯಕ್ಕ ಗೋಡೆಗೆ ಒರಗಿದಳು. ಎಷ್ಟೋ ಮನೆಗಳಲ್ಲಿ ಒಲೆ ಹೂಡಿಕೊಟ್ಟು ಬಂದಿದ್ದಳು. ಕೊಟ್ಟ ಕಡೆ ನೀರು ಕುಡಿದಿದ್ದಳು, ಚಹಾ ಕುಡಿದಿದ್ದಳು. ಒಲೆ ಹಚ್ಚುವ ಮುನ್ನ ಯಾರಾದರೂ ತನ್ನನ್ನು ನೆನೆದದ್ದು ಅವಳಿಗೆ ತಿಳಿದಂತೆ ಇದೇ ಮೊದಲು.

ಕೈ ಎಡಕ್ಕೆ ಹೋಯಿತು. ಸಕ್ಕರೆ ಬಿತ್ತು.

ಚಹಾ ಚೆನ್ನಾಗಿತ್ತು. ಮಗ ಲೋಟ ಮುಗಿಸಿ, ಸೊಟ್ಟಗೆ ಚಾಚಿದ್ದ ಹಲಗೆಯನ್ನೂ ತಾಯಿಯ ಮು​ಖವನ್ನೂ ನೋಡಿ, “ನಾಳೆ ಅಡುಗೆಯವಳಿಗೆ ಬರಬೇಡ ಅಂತ ಫೋನ್ ಮಾಡ್ತೀನಿ” ಎಂದ.

“ನಾಳೆ ಯಾಕೋ? ಈಗಲೇ ಮಾಡು” ಎಂದರು ಅಜ್ಜಿ. ಆಮೇಲೆ ಡಬ್ಬಿಯಕ್ಕನ ಕಡೆಗೆ ತಿರುಗಿ, “ಬೆಳಿಗ್ಗೆಯಿಂದ ಕೇಳ್ಬೇಕು ಅಂತಿದ್ದೆ ಮಗಳೇ. ನೀನು ಮುಚ್ಚಳ ಹಾಕಿದ ಮೇಲೆ ತಟ್ತೀಯಲ್ಲ, ಮಗು ಮಲಗಿಸೋ ಹಾಗೆ ಟಪ್ ಟಪ್ ಅಂತ. ಅದು ಯಾರು ಕಲಿಸಿದ್ದು?”

“ನಾನಾ? ನಾನೆಲ್ಲಿ ತಟ್ತೀನಿ ಅಜ್ಜಿ?”

ಮೇಸ್ತ್ರಿ ಚಹಾ ನೆತ್ತಿಗೇರಿಸಿಕೊಂಡ. “ಎಲ್ಲಿ ತಟ್ತೀನಿ ಅಂತೀಯಾ? ಇಡೀ ಕಂಪನಿಗೇ ಗೊತ್ತು ಅಕ್ಕಾ! ಆ ಸದ್ದು ನಿಂತ ಮೇಲೇನೇ ನಾವು ಪೆಟ್ಟಿಗೆ ಎತ್ತೋಕೆ ಒಳಗೆ ಬರೋದು.”

ಸಕ್ಕರೆ ಡಬ್ಬಿಯ ಮುಚ್ಚಳ ಇನ್ನೂ ತೆರೆದೇ ಇತ್ತು. ಡಬ್ಬಿಯಕ್ಕ ಅದನ್ನು ಎತ್ತಿಕೊಂಡು ಒತ್ತಿ ಮುಚ್ಚಿದಳು. ಅವಳ ಅಂಗೈ ತಾನಾಗಿಯೇ ಮೇಲೆದ್ದಿತು. ಗಾಳಿಯಲ್ಲಿ ಹಾಗೇ ನಿಂತ ಆ ಕೈಯನ್ನು ಅವಳು ಮೊದಲ ಬಾರಿಗೆ ನೋಡಿದಳು. ಅದು ಅವಳ ತಾಯಿಯ ಕೈಯಾಗಿತ್ತು. ತಾಯಿ ಏಕೆ ಹಾಗೆ ತಟ್ಟುತ್ತಿದ್ದಳೆಂದು ಕೇಳಲು ಈಗ ತಾಯಿಯಿಲ್ಲ.

ಅವಳು ಮೆಲ್ಲಗೆ ತಟ್ಟಿದಳು, ಟಪ್ ಟಪ್.

“ಹಾಂ, ಅದೇ” ಎಂದರು ಅಜ್ಜಿ.